ಬೆಂಜ್ ಗಟ್ಟಿ ಎನ್ನುವ ಮಾತು ಯಾವ ವರ್ಷದ ಕಾರಿಗೆ ಸಲ್ಲುತ್ತದೆ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ನಮ್ಮ ಮನೆಯಲ್ಲಿ ಹಳೆಯ ಟೆಂಪೊ ಟ್ರ್ಯಾಕ್ಸ್ ಇದೆ. ಅದರೊಳಗೆ ಇರುವುದು ಬೆಂಜ್ ಎಂಜಿನ್ ಎನ್ನುತ್ತಾರೆ, ನಿಜವೇ? ಈಚೆಗೆ ಬೆಳಗ್ಗೆ ಸ್ಟಾರ್ಟ್ ಆಗಲು ಬಹಳ ಹೊತ್ತು ಹಿಡಿಯುತ್ತದೆ, ಬಿಳಿ ಹೊಗೆ ಬರುತ್ತದೆ. ಎಂಜಿನ್ ಬಿಚ್ಚಿ ಬೋರ್ ಮಾಡಿಸಬೇಕು ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. — ಓದುಗರು, ಹಾಸನ

ನಿಜ. ಟ್ರ್ಯಾಕ್ಸ್‌ಗೆ ಬಂದ ಎಂಜಿನ್ ಮರ್ಸಿಡಿಸ್-ಬೆಂಜ್‌ನ ಒಎಂ 616 ವಂಶದ್ದು. ಬಜಾಜ್ ಟೆಂಪೊ ಕಂಪನಿ ಪರವಾನಗಿ ಪಡೆದು ಅದನ್ನು ಇಲ್ಲೇ ತಯಾರಿಸಿತು. ಜರ್ಮನಿಯಲ್ಲಿ ಇದೇ ಎಂಜಿನ್ ಡಬ್ಲ್ಯು 123 ಸರಣಿಯ 240 ಡಿ ಕಾರಿನಲ್ಲಿತ್ತು. ಆ ಸರಣಿಯ ಸುಮಾರು 27 ಲಕ್ಷ ಕಾರುಗಳು 1975ರಿಂದ 1986ರ ನಡುವೆ ತಯಾರಾದವು. ಗ್ರೀಸ್‌ನ ಥೆಸಲೊನೀಕಿಯ ಟ್ಯಾಕ್ಸಿ ಚಾಲಕರೊಬ್ಬರು 1976ರ 240 ಡಿ ಕಾರನ್ನು 46 ಲಕ್ಷ ಕಿ.ಮೀ. ಓಡಿಸಿದರು. ಆ ಕಾರು ಈಗ ಕಂಪನಿಯ ಸಂಗ್ರಹದಲ್ಲಿದೆ. ಅಷ್ಟು ದೂರವನ್ನು ಒಂದೇ ಎಂಜಿನ್ ಓಡಿಲ್ಲ, ನಡುವೆ ಹಲವು ಸಲ ಬದಲಿಸಿದ್ದಾರೆ ಎನ್ನುವುದನ್ನು ಹೇಳುವವರು ಕಡಿಮೆ. ಬಿಚ್ಚಿ, ಸರಿಮಾಡಿ, ಮತ್ತೆ ಕೂರಿಸಲು ಬರುವಂತೆ ಕಟ್ಟಿದ್ದೇ ಆ ಕಾರಿನ ನಿಜವಾದ ಗಟ್ಟಿತನ.

ನಿಮ್ಮ ಗಾಡಿಗೂ ಅದೇ ಮಾತು. ಬೋರ್‌ಗೆ, ಅಂದರೆ ಸಿಲಿಂಡರ್ ಒಳಗೋಡೆ ಕೊರೆದು ಹಿಗ್ಗಿಸುವುದಕ್ಕೆ, ಈಗಲೇ ಒಪ್ಪಬೇಡಿ. ಮೊದಲು ಹೀಟರ್ ಪ್ಲಗ್, ಅಂದರೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗಲು ಸಿಲಿಂಡರನ್ನು ಬಿಸಿಮಾಡುವ ಪ್ಲಗ್, ನೋಡಿಸಿ. ನಾಲ್ಕರ ವೈರನ್ನೂ ಬಿಚ್ಚಿ, ಒಂದೊಂದನ್ನೇ ಮಲ್ಟಿಮೀಟರ್‌ನಲ್ಲಿ ಅಳೆಯಲಿ. ಸರಿಯಿರುವ ಪೆನ್ಸಿಲ್ ಮಾದರಿಯ ಪ್ಲಗ್ 1 ಓಮ್‌ನ ಆಸುಪಾಸು ತೋರಿಸುತ್ತದೆ. ಸತ್ತಿದ್ದರೆ ಮೀಟರ್ ಅಲುಗುವುದೇ ಇಲ್ಲ. ಬಿಳಿ ಹೊಗೆಯೆಂದರೆ ಉರಿಯದೆ ಹೊರಬಂದ ಡೀಸೆಲ್. ಸ್ಟಾರ್ಟ್ ಆದ ಅರ್ಧ ನಿಮಿಷದಲ್ಲಿ ಹೊಗೆ ನಿಂತು ಎಂಜಿನ್ ಸಮವಾದರೆ ಪ್ಲಗ್ ಮೇಲೆಯೇ ಮೊದಲ ಅನುಮಾನ.

ಎರಡನೆಯದು ಟ್ಯಾಪೆಟ್ ಸೆಟ್ಟಿಂಗ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಗ್ಯಾಪ್ ಸರಿಮಾಡುವುದು. ನಮ್ಮ ಕಡೆ ಅತಿ ಹೆಚ್ಚು ಮರೆತುಹೋಗುವ ಕೆಲಸ ಇದು. ಈ ಎಂಜಿನ್‌ನಲ್ಲಿ ತಾನೇ ಸರಿಹೊಂದಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇಲ್ಲ. ವಾಲ್ವ್ ನಿಧಾನವಾಗಿ ಸೀಟಿನೊಳಕ್ಕೆ ಇಳಿದಂತೆ ಗ್ಯಾಪ್ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಟಕಟಕ ಸದ್ದೂ ಬರುವುದಿಲ್ಲ, ಆದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಕೊನೆಗೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ ಕಂಪ್ರೆಷನ್ (ಸಿಲಿಂಡರಿನಲ್ಲಿ ಅದುಮಿದ ಗಾಳಿಯ ಒತ್ತಡ) ಸೋರುತ್ತದೆ. 240 ಡಿ ಕಾರಿಗೆ ಕೊಟ್ಟ ಅಳತೆ, ಎಂಜಿನ್ ತಣ್ಣಗಿರುವಾಗ, ಇನ್‌ಲೆಟ್ 0.10 ಮಿ.ಮೀ., ಎಕ್ಸಾಸ್ಟ್ 0.30 ಮಿ.ಮೀ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಹಿಡಿಯಿರಿ. ಎಂಜಿನ್ ತಿರುಗಿಸಲು ಕ್ರ್ಯಾಂಕ್ ಪುಲ್ಲಿಯ ಬೋಲ್ಟನ್ನೇ ಬಳಸಬೇಕು, ಕ್ಯಾಮ್‌ಶಾಫ್ಟ್ ನಟ್ ಹಿಡಿದು ತಿರುಗಿಸಕೂಡದು. ಲಾಕ್ ನಟ್ ಬಿಗಿಮಾಡುವಾಗ ಗ್ಯಾಪ್ ಜಾರುತ್ತದೆ, ಬಿಗಿಮಾಡಿದ ಮೇಲೆ ಫೀಲರ್ ಗೇಜ್ ಇನ್ನೊಮ್ಮೆ ತೂರಿಸಿ ನೋಡಲೇಬೇಕು.

ಇವೆರಡೂ ಆದಮೇಲೆ ಕಂಪ್ರೆಷನ್ ಪರೀಕ್ಷೆ. ಹೊಸ ಎಂಜಿನ್‌ನಲ್ಲಿ 22ರಿಂದ 24 ಬಾರ್ ಇರುತ್ತದೆ. 15ಕ್ಕಿಂತ ಕೆಳಗಿಳಿದಿದ್ದರೆ, ಅಥವಾ ಸಿಲಿಂಡರ್‌ಗಳ ನಡುವೆ 3 ಬಾರ್‌ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಮಾತ್ರ ಬೋರ್ ಮಾತು.

ಮರ್ಸಿಡಿಸ್, ಬೆಂಜ್, ಡೈಮ್ಲರ್ ಮೂರೂ ಒಂದೇ ಕಂಪನಿಯೇ? ಹಳೆಯ ಟಾಟಾ ಲಾರಿಯ ಮುಂದೆ ಬೆಂಜ್ ನಕ್ಷತ್ರ ಹೇಗೆ ಬಂತು? — ಓದುಗರು, ಧಾರವಾಡ

ಮೂಲದಲ್ಲಿ ಎರಡು ಕಂಪನಿ, ಒಂದು ಹುಡುಗಿಯ ಹೆಸರು. ಮಾನ್‌ಹೈಮ್‌ನ ಕಾರ್ಲ್ ಬೆಂಜ್ 1886ರ ಜನವರಿ 29ರಂದು ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದರು. ಅದೇ ಕಾಲಕ್ಕೆ ಕಾನ್‌ಸ್ಟಾಟ್‌ನಲ್ಲಿ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೈಬಾಕ್ ಬೇರೆಯಾಗಿಯೇ ಎಂಜಿನ್ ಕಟ್ಟುತ್ತಿದ್ದರು. 1888ರಲ್ಲಿ ಕಾರ್ಲ್ ಅವರ ಹೆಂಡತಿ ಬೆರ್ಥಾ ಬೆಂಜ್ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಗಂಡನಿಗೆ ಹೇಳದೆ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ಸುಮಾರು 100 ಕಿ.ಮೀ., ಗಾಡಿ ಓಡಿಸಿದರು. ಇಂಧನಕ್ಕೆ ವೀಸ್‌ಲೋಕ್ ಊರಿನ ಔಷಧಿ ಅಂಗಡಿಗೆ ಹೋದರು, ಕಟ್ಟಿಕೊಂಡ ಇಂಧನ ನಳಿಕೆಯನ್ನು ಟೋಪಿಯ ಪಿನ್ನಿನಿಂದ ಬಿಡಿಸಿದರು, ಸವೆದ ಬ್ರೇಕ್ ಕಟ್ಟೆಗೆ ಚಮ್ಮಾರರ ಬಳಿ ತೊಗಲು ಹೊಡೆಸಿದರು. ಬ್ರೇಕ್ ಲೈನಿಂಗ್ ಹುಟ್ಟಿದ್ದು ಹಾಗೆ. ಕಂಪನಿಯ ಚರಿತ್ರೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ರಸ್ತೆ ಪರೀಕ್ಷೆ ಅದೇ ಎಂದು ನಮ್ಮ ಅಭಿಪ್ರಾಯ.

ಮರ್ಸಿಡಿಸ್ ಎಂಬುದು ಡೈಮ್ಲರ್ ಕಾರುಗಳ ದೊಡ್ಡ ಗಿರಾಕಿ ಎಮಿಲ್ ಯೆಲಿನೆಕ್ ಅವರ ಮಗಳ ಹೆಸರು. ಅವರ ಒತ್ತಾಯಕ್ಕೆ ಮೈಬಾಕ್ ಕಟ್ಟಿದ 35 ಅಶ್ವಶಕ್ತಿಯ ಕಾರಿಗೆ ಆ ಹೆಸರು ಬಂತು, 1901ರಲ್ಲಿ ಅದು ನೀಸ್ ಪಂದ್ಯಗಳಲ್ಲಿ ಗೆದ್ದಿತು. ಎರಡೂ ಕಂಪನಿಗಳು 1926ರಲ್ಲಿ ಕೂಡಿ ಡೈಮ್ಲರ್-ಬೆಂಜ್ ಆದವು. ಇಂದಿನ ಹೆಸರು, 2022ರಿಂದ, ಮರ್ಸಿಡಿಸ್-ಬೆಂಜ್ ಗ್ರೂಪ್.

ಟಾಟಾ ಜೊತೆಗಿನ ಲಾರಿ ತಯಾರಿಕೆಯ ಒಪ್ಪಂದ 1954ರದ್ದು, 1969ರವರೆಗೆ ನಡೆಯಿತು. ನಮ್ಮವರ ಬಾಯಲ್ಲಿ ಉಳಿದ ‘ಬೆಂಜ್ ಲಾರಿ’ ಆ ಹದಿನೈದು ವರ್ಷಗಳ ಫಲ. ಬೆಂಜ್ ಗಟ್ಟಿ ಎಂಬ ನಂಬಿಕೆ ನಮ್ಮಲ್ಲಿ ಕಾರಿಗಿಂತ ಮೊದಲು ಲಾರಿಯಿಂದ ಬಂದದ್ದು.

ಎರಡು ಸೆಕೆಂಡ್ ಹ್ಯಾಂಡ್ ಬೆಂಜ್ ನೋಡಿದ್ದೇನೆ: 2004ರ ಇ 240 ಮತ್ತು 2007ರ ಇ 280, ಎರಡೂ ಪೆಟ್ರೋಲ್, ಎರಡೂ ಸಣ್ಣ ಹೊಸ ಕಾರಿನ ಬೆಲೆಗೆ ಸಿಗುತ್ತಿವೆ. ಯಾವುದನ್ನು ಕೊಳ್ಳಲಿ? — ಓದುಗರು, ದಾವಣಗೆರೆ

ಮೇಲ್ನೋಟಕ್ಕೆ ಒಂದೇ ಕಾರು, ಎರಡೂ ಇ-ಕ್ಲಾಸ್‌ನ ಡಬ್ಲ್ಯು 211 ಸರಣಿ. ಒಳಗೆ ಮಾತ್ರ ಒಂದರ ದೋಷ ಬ್ರೇಕಿನಲ್ಲಿ, ಇನ್ನೊಂದರದು ಎಂಜಿನ್ನಿನಲ್ಲಿ.

2004ರದ್ದರಲ್ಲಿ ಇರುವುದು ಎಂ 112 ಎಂಜಿನ್. ಬಹಳ ಬಾಳುವ ಎಂಜಿನ್ ಅದು. ಸಿಲಿಂಡರ್‌ಗೆ ಎರಡರಂತೆ 12 ಸ್ಪಾರ್ಕ್ ಪ್ಲಗ್ ಇರುತ್ತವೆ ಎನ್ನುವುದನ್ನು ಖರ್ಚಿನ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ತೊಂದರೆ ಇರುವುದು ಎಸ್‌ಬಿಸಿ ಎಂಬ ಎಲೆಕ್ಟ್ರಾನಿಕ್ ಬ್ರೇಕಿನಲ್ಲಿ. ನೀವು ಪೆಡಲ್ ಒತ್ತಿದಾಗ ಅದು ಕಂಪ್ಯೂಟರಿಗೆ ಸಂಕೇತ ಕಳಿಸುತ್ತದೆ ಅಷ್ಟೆ, ನಿಜವಾದ ಒತ್ತಡ ಕೊಡುವುದು ಒಂದು ಪಂಪು. ಬ್ರೇಕ್ ಎಷ್ಟು ಸಲ ಬಳಕೆಯಾಯಿತು ಎಂದು ಆ ಘಟಕ ಎಣಿಸಿಡುತ್ತದೆ. ಸುಮಾರು 3 ಲಕ್ಷ ಸಲ ಆದಮೇಲೆ ಬದಲಿಸಿ ಎಂಬ ಎಚ್ಚರಿಕೆ ಬರುತ್ತದೆ. ಹೆದ್ದಾರಿಯಲ್ಲಿ ದಿನಕ್ಕೆ 100 ಸಲ ಒತ್ತುವವರಿಗೆ ಇದು ಎಂಟು ವರ್ಷ, ಬೆಂಗಳೂರಿನ ಟ್ರಾಫಿಕ್‌ನಲ್ಲಿ 300 ಸಲ ಒತ್ತುವವರಿಗೆ ಮೂರು ವರ್ಷವೂ ಇಲ್ಲ. ಘಟಕ ಕೈಕೊಟ್ಟರೆ ಮುಂದಿನ ಎರಡು ಚಕ್ರಕ್ಕೆ ಮಾತ್ರ, ಅದೂ ಕಾಲಿನ ಬಲದಿಂದಷ್ಟೇ, ಬ್ರೇಕ್ ಉಳಿಯುತ್ತದೆ. ಪೆಡಲ್ ಆಳಕ್ಕೆ ಇಳಿದು ಕಲ್ಲಿನಂತಾಗುತ್ತದೆ. ಕಂಪನಿ 2004 ಮತ್ತು 2005ರಲ್ಲಿ ಲಕ್ಷಗಟ್ಟಲೆ ಕಾರುಗಳನ್ನು ವಾಪಸ್ ಕರೆಸಿ, 2006ರಲ್ಲಿ ಇ-ಕ್ಲಾಸ್‌ನಿಂದ ಇದನ್ನು ತೆಗೆದೇಬಿಟ್ಟಿತು.

ಈ ಕಾರು ಕೊಳ್ಳುವುದಾದರೆ ಸ್ಕ್ಯಾನರ್ ಹಾಕಿಸಿ ಆ ಎಣಿಕೆ ಓದಿಸಿ, ಘಟಕ ಬದಲಿಸಿದ ಬಿಲ್ ಕೇಳಿ. ಡಿಕ್ಕಿಯಲ್ಲಿರುವ ಮುಖ್ಯ ಬ್ಯಾಟರಿಯನ್ನೂ ಬಾನೆಟ್ ಕೆಳಗಿನ ಎರಡನೇ ಬ್ಯಾಟರಿಯನ್ನೂ ಲೋಡ್ ಹಾಕಿ ಪರೀಕ್ಷಿಸಿ, ವೋಲ್ಟೇಜ್ ಇಳಿದರೂ ಬ್ರೇಕಿನ ಕೆಂಪು ಎಚ್ಚರಿಕೆ ಬರುತ್ತದೆ. ಇನ್ನೊಂದು, ಇದು ಪ್ರಾಣದ ವಿಷಯವಾದ್ದರಿಂದ ಒತ್ತಿ ಹೇಳುತ್ತೇವೆ: ಸ್ಕ್ಯಾನರ್‌ನಿಂದ ಎಸ್‌ಬಿಸಿಯನ್ನು ನಿಷ್ಕ್ರಿಯಗೊಳಿಸದೆ ಬ್ರೇಕ್ ಪ್ಯಾಡ್ ಬಿಚ್ಚಲು ಯಾರಿಗೂ ಬಿಡಬೇಡಿ. ಬಾಗಿಲು ತೆರೆದರೂ ರಿಮೋಟ್ ಒತ್ತಿದರೂ ಪಂಪು ಎಚ್ಚರಗೊಂಡು ಪಿಸ್ಟನ್ನನ್ನು ತಳ್ಳುತ್ತದೆ. ಕೆಲಸದವರ ಬೆರಳು ಜಜ್ಜಿಹೋಗುತ್ತದೆ.

2007ರ ಇ 280ಗೆ ಸಾಮಾನ್ಯ ಹೈಡ್ರಾಲಿಕ್ ಬ್ರೇಕ್, ಆ ಭಯವಿಲ್ಲ. ಅದರ ಎಂ 272 ಎಂಜಿನ್‌ನಲ್ಲಿ ಮಾತ್ರ ಬ್ಯಾಲೆನ್ಸ್ ಶಾಫ್ಟಿನ (ಎಂಜಿನ್ ನಡುಕ ತಗ್ಗಿಸುವ ದಂಡದ) ಹಲ್ಲುಚಕ್ರ ಮೆದು ಲೋಹದ್ದಾಗಿತ್ತು. ಹಲ್ಲು ಸವೆದಂತೆ ಟೈಮಿಂಗ್ ಚೈನ್ ಸ್ಥಾನ ತಪ್ಪುತ್ತದೆ, ಚೆಕ್ ಎಂಜಿನ್ ದೀಪ ಹತ್ತುತ್ತದೆ, ಸ್ಕ್ಯಾನರ್‌ನಲ್ಲಿ 1200 ಅಥವಾ 1208 ಕೋಡ್ ಕಾಣುತ್ತದೆ. ಆ ಬಿಡಿಭಾಗ ದುಬಾರಿಯಲ್ಲ. ಆದರೆ ಅದನ್ನು ಬದಲಿಸಲು ಎಂಜಿನ್ ಪೂರ್ತಿ ಕೆಳಗಿಳಿಸಬೇಕು. ಈ ವಯಸ್ಸಿನ ಕಾರಿಗೆ ಆ ಕೂಲಿ ಕಾರಿನ ಬೆಲೆಯನ್ನೇ ನುಂಗಬಹುದು.

ಅದೃಷ್ಟಕ್ಕೆ ಇದನ್ನು ಕೊಳ್ಳುವ ಮುಂಚೆಯೇ ತಿಳಿಯಬಹುದು. ಎಂಜಿನ್ ಸಂಖ್ಯೆಯ ಕೊನೆಯ ಆರು ಅಂಕೆ 468993ಕ್ಕಿಂತ ಕಡಿಮೆ ಇದ್ದರೆ ಹಳೆಯ ಮೆದು ಚಕ್ರ, ಅದಕ್ಕಿಂತ ಹೆಚ್ಚಿದ್ದರೆ ಸುಧಾರಿಸಿದ ಚಕ್ರ. ಆರ್‌ಸಿಯಲ್ಲಿನ ವರ್ಷ ನೋಡಿ ನಿರ್ಧರಿಸಬೇಡಿ, ಎಂಜಿನ್ ಮುಂಚೆಯೇ ತಯಾರಾಗಿ ಕಾರು ತಡವಾಗಿ ನೋಂದಣಿಯಾಗಿರಬಹುದು. ಕಡಿಮೆ ಸಂಖ್ಯೆಯ ಕಾರು ರಿಪೇರಿಯಾಗಿದೆ ಎಂದು ಮಾರುವವರು ಹೇಳಿದರೆ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಕ್ಯಾಮ್‌ಶಾಫ್ಟ್ ಸೆನ್ಸರ್‌ಗಳನ್ನು ಬಿಚ್ಚಿಸಿ, ಕ್ರ್ಯಾಂಕನ್ನು 305 ಡಿಗ್ರಿಗೆ ತಿರುಗಿಸಿ, ಆ ರಂಧ್ರಗಳಲ್ಲಿ ಚಕ್ರದ ಗುರುತು ನಡುವೆ ಬರುತ್ತದೆಯೇ ನೋಡಿಸಿ. ಅಂಚಿಗೆ ಸರಿದಿದ್ದರೆ ಸವೆತ ಶುರುವಾಗಿದೆ. ಇದೇ ಎಂಜಿನ್‌ನ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಒಂದು ಪ್ಲಾಸ್ಟಿಕ್ ಲಿವರ್ ಮುರಿಯುವುದೂ ಸಾಮಾನ್ಯ.

ಇನ್ನು ಗೇರ್‌ಬಾಕ್ಸ್. ‘ಆಯಿಲ್ ಆಜೀವ, ಬದಲಿಸುವುದು ಬೇಡ’ ಎಂಬ ಮಾತನ್ನು ಮರೆತುಬಿಡಿ. 60,000 ಕಿ.ಮೀ.ಗೆ ಒಮ್ಮೆ ಆಯಿಲ್, ಫಿಲ್ಟರ್ ಎರಡೂ ಬದಲಾಗಬೇಕು, ಡಬ್ಬಿಯ ಮೇಲೆ ಮರ್ಸಿಡಿಸ್-ಬೆಂಜ್ ಅನುಮೋದನೆ ಸಂಖ್ಯೆ ಎಂಬಿ 236.14 ಎಂದು ಇರಬೇಕು. ಇ 240ರ ಐದು ಗೇರಿನ ಪೆಟ್ಟಿಗೆಯಲ್ಲಿ ವೈರಿಂಗ್ ಕನೆಕ್ಟರಿನ ಓ-ರಿಂಗ್ ಸೋತರೆ ಆಯಿಲ್ ವೈರಿನೊಳಗೇ ಏರಿ ಕಂಟ್ರೋಲ್ ಘಟಕದವರೆಗೆ ಹೋಗುತ್ತದೆ. ಆ ಕನೆಕ್ಟರ್ ಸಣ್ಣ ಖರ್ಚು, ಕಾರು ಕೊಂಡ ವಾರವೇ ಹೊಸದು ಹಾಕಿಸಿ. 2003ರ ಸುಮಾರಿನ ಕಾರುಗಳಲ್ಲಿ ರೇಡಿಯೇಟರ್ ಒಳಗೆ ಬಿರುಕುಬಿಟ್ಟು ಕೂಲಂಟ್ ಗೇರ್ ಆಯಿಲ್‌ಗೆ ಸೇರುವುದೂ ಉಂಟು. ಸಮ ವೇಗದಲ್ಲಿ ಹೋಗುವಾಗ ಉಬ್ಬುಪಟ್ಟಿಯ ಮೇಲೆ ಓಡಿದಂತೆ ನಡುಗಿದರೆ ಆ ಕಾರು ಬಿಟ್ಟುಬಿಡಿ. ಇ 280ರ ಏಳು ಗೇರಿನ ಪೆಟ್ಟಿಗೆಯಲ್ಲಿ ಕೆಡುವುದು ಒಳಗಿನ ಎಲೆಕ್ಟ್ರಾನಿಕ್ ಫಲಕ. ಗುಜರಿಯಿಂದ ತಂದದ್ದು ಕೋಡಿಂಗ್ ಮಾಡದೆ ಕೆಲಸ ಮಾಡುವುದಿಲ್ಲ.

ನಮ್ಮ ಆಯ್ಕೆ: ಎಂಜಿನ್ ಸಂಖ್ಯೆ 468993ರ ಮೇಲಿದ್ದರೆ 2007ರದ್ದು. ಇಲ್ಲವಾದರೆ, ಎಸ್‌ಬಿಸಿ ಬದಲಾದ ಬಿಲ್ ಇರುವ 2004ರದ್ದು. ಎರಡೂ ಇಲ್ಲದಿದ್ದರೆ ಎರಡೂ ಬೇಡ. 15 ವರ್ಷ ದಾಟಿದ ಕಾರಾದ್ದರಿಂದ ಆರ್‌ಸಿ ನವೀಕರಣ ಆಗಿದೆಯೇ ನೋಡದೆ ಮುಂಗಡ ಕೊಡಬೇಡಿ.

ನನ್ನದು ಪುಣೆಯಲ್ಲಿ ಜೋಡಿಸಿದ 1995ರ ಇ 220. ಐಡಲಿಂಗ್ ಏರಿಳಿಯುತ್ತದೆ, ಮಳೆಗಾಲದಲ್ಲಿ ಮಿಸ್ ಹೊಡೆಯುತ್ತದೆ. ಪ್ಲಗ್, ಕಾಯಿಲ್, ಸೆನ್ಸರ್ ಎಲ್ಲ ಬದಲಿಸಿ ಆಯಿತು. — ಓದುಗರು, ಬೆಂಗಳೂರು

ಇನ್ನೂ ಬಿಡಿಭಾಗ ಕೊಳ್ಳಬೇಡಿ, ಎಂಜಿನ್ ವೈರಿಂಗ್ ನೋಡಿ. 1990ರ ದಶಕದ ಮೊದಲರ್ಧದಲ್ಲಿ ಕಂಪನಿ ಬಳಸಿದ, ಪರಿಸರಕ್ಕೆ ಒಳ್ಳೆಯದೆಂದು ಆರಿಸಿದ ವೈರ್ ಹೊದಿಕೆ ಎಂಜಿನ್ ಶಾಖಕ್ಕೆ ಒಣಗಿ ಉದುರುತ್ತದೆ. ಎಂಜಿನ್ ತಣ್ಣಗಿರುವಾಗ ಒಂದು ಕನೆಕ್ಟರಿನ ರಬ್ಬರ್ ಟೋಪಿ ಸರಿಸಿ ವೈರನ್ನು ಮೆಲ್ಲಗೆ ಬಾಗಿಸಿ. ಹೊದಿಕೆ ಹಪ್ಪಳದಂತೆ ಒಡೆದರೆ ರೋಗ ಸಿಕ್ಕಿತು. ಆಮೇಲೆ ಕಾರು ಓಡಿಸಬೇಡಿ, ಎರಡು ಬರಿ ತಂತಿ ತಾಗಿದರೆ ಎಂಜಿನ್ ಕಂಪ್ಯೂಟರ್ (ಇಸಿಯು) ಸುಟ್ಟುಹೋಗುತ್ತದೆ. ಹೊಸ ವೈರಿಂಗ್ ಸಿಗದಿದ್ದರೆ ಹಳೆಯ ಕನೆಕ್ಟರ್‌ಗಳನ್ನು ಉಳಿಸಿಕೊಂಡು, ಅದೇ ದಪ್ಪದ, 150 ಡಿಗ್ರಿ ಶಾಖ ತಡೆಯುವ ವಾಹನ ದರ್ಜೆಯ ವೈರಿನಿಂದ ಮತ್ತೆ ಕಟ್ಟಿಸಿ. ಮನೆ ವೈರಿಂಗಿನ ತಂತಿ ಬೇಡ. ಥ್ರಾಟಲ್ ಬಾಡಿಯಿಂದ ಹೊರಡುವ ವೈರುಗಳದ್ದೂ ಇದೇ ಪಾಡು, ಅವನ್ನು ಬಿಟ್ಟು ಉಳಿದದ್ದು ಸರಿಮಾಡಿದರೆ ಏರಿಳಿತ ನಿಲ್ಲುವುದಿಲ್ಲ.

ಬೇಸರದ ಸಂಗತಿಯೆಂದರೆ ನಿಮ್ಮ ಕಾರಿನ ಉಳಿದ ಭಾಗ, ಡಬ್ಲ್ಯು 124, ಈ ಕಂಪನಿ ಕಟ್ಟಿದ ಅತ್ಯುತ್ತಮ ಕಾರುಗಳಲ್ಲಿ ಒಂದು. ಹೆಸರಿಗೆ ಪೆಟ್ಟು ಬಿದ್ದದ್ದು ಅದರ ನಂತರ: ತುಕ್ಕು ತಿಂದ ಇ-ಕ್ಲಾಸ್ ಡಬ್ಲ್ಯು 210, 1997ರಲ್ಲಿ ಸ್ವೀಡನ್‌ನ ಪರೀಕ್ಷೆಯಲ್ಲಿ ಮಗುಚಿದ ಎ-ಕ್ಲಾಸ್. ಎ-ಕ್ಲಾಸ್ ವಿಷಯದಲ್ಲಿ ಕಂಪನಿ ತಪ್ಪನ್ನು ತಿದ್ದಿದ ರೀತಿಯನ್ನು ಮೆಚ್ಚಬೇಕು. ಮಾರಾಟ ನಿಲ್ಲಿಸಿ, ಆಗ ದುಬಾರಿ ಕಾರಿಗಷ್ಟೇ ಇದ್ದ, ಕಾರು ಹಿಡಿತ ತಪ್ಪದಂತೆ ತಡೆಯುವ ಇಎಸ್‌ಪಿಯನ್ನು ಆ ಸಣ್ಣ ಕಾರಿಗೆಲ್ಲ ಹಾಕಿತು.

ಯುದ್ಧಕಾಲದಲ್ಲಿ ಈ ಕಂಪನಿ ಹಿಟ್ಲರನ ಪರ ಇತ್ತೇ? — ಓದುಗರು, ಮಂಗಳೂರು

ಇತ್ತು. ನಾಜಿ ನಾಯಕರ 770 ಮಾದರಿಯ ಕಾರುಗಳು ಎಲ್ಲರಿಗೂ ಗೊತ್ತು, ಆದರೆ ದೊಡ್ಡ ವಿಷಯ ಅದಲ್ಲ. ಮೆಸ್ಸರ್‌ಸ್ಮಿಟ್ 109 ಯುದ್ಧವಿಮಾನದ ಡಿಬಿ 601, 605 ಎಂಜಿನ್‌ಗಳು, ಸೇನೆಯ ಲಾರಿಗಳು ಇಲ್ಲಿಂದಲೇ ಹೋದವು. 1944ರಲ್ಲಿ ಇಲ್ಲಿನ 63,610 ಕೆಲಸಗಾರರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಬಲವಂತದಿಂದ ದುಡಿಸಿಕೊಂಡವರು: ಯುದ್ಧಕೈದಿಗಳು, ಸೆರೆಶಿಬಿರದವರು, ಆಕ್ರಮಿತ ದೇಶಗಳಿಂದ ಎಳೆತಂದವರು. ಕಂಪನಿ ಇದನ್ನು ಒಪ್ಪಿಕೊಂಡಿದೆ, 1988ರಲ್ಲಿ 2 ಕೋಟಿ ಮಾರ್ಕ್ ಪರಿಹಾರ ಕೊಟ್ಟಿತು. ನಾಲ್ಕು ದಶಕ ತಡವಾಯಿತು. ಅಷ್ಟರಲ್ಲಿ ಅವರಲ್ಲಿ ಅನೇಕರು ಬದುಕಿರಲಿಲ್ಲ.

ಹೊರಗಿನ ಗ್ಯಾರೇಜಿನಲ್ಲಿ ಬೆಂಜ್‌ಗೆ ಯಾವ ಎಂಜಿನ್ ಆಯಿಲ್ ಹಾಕಿಸಬೇಕು? — ಓದುಗರು, ಶಿವಮೊಗ್ಗ

ಬ್ರ್ಯಾಂಡ್ ಯಾವುದಾದರೂ ಇರಲಿ, ಡಬ್ಬಿಯ ಹಿಂದೆ ಎಂಬಿ ಅನುಮೋದನೆ ಸಂಖ್ಯೆ ಓದಿ. ನೀವು ಕಾರಿನ ಮಾದರಿ ಬರೆದಿಲ್ಲ, ಆದ್ದರಿಂದ ಕೈಪಿಡಿಯ ಸಂಖ್ಯೆಯೇ ಅಂತಿಮ. 2000ದ ದಶಕದ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ 229.5, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಡೀಸೆಲ್‌ಗೆ 229.51 ಅಥವಾ 229.52. ಡಿಪಿಎಫ್ ಇರುವ ಕಾರಿಗೆ 229.5 ಹಾಕಿದರೆ ಆಯಿಲ್ ಬೂದಿ ಫಿಲ್ಟರಿನಲ್ಲಿ ತುಂಬಿಕೊಳ್ಳುತ್ತದೆ, ಆ ಬೂದಿ ಎಷ್ಟು ಸುಟ್ಟರೂ ಹೋಗುವುದಿಲ್ಲ. ಫಿಲ್ಟರನ್ನೇ ಬಿಚ್ಚಿ ತೊಳೆಸಬೇಕು, ಇಲ್ಲವೇ ಹೊಸದು ಹಾಕಿಸಬೇಕು. ಸಂಖ್ಯೆಯ ಪಕ್ಕ ‘ಅನುಮೋದಿತ’ ಎಂದಿದೆಯೋ ‘ಹೊಂದುತ್ತದೆ’ ಎಂದಷ್ಟೇ ಇದೆಯೋ ನೋಡಿ. ಎರಡನೆಯದು ಆಯಿಲ್ ಮಾರುವವರ ಮಾತು, ಕಾರು ಮಾಡಿದವರದ್ದಲ್ಲ.