ಮಾಲ್ಡೀವ್ಸಲ್ಲಿ ಗಾಳಕ್ಕೆ ಬಿದ್ದ ಮೀನು ಯಾವ್ದು ಅಂತ ಹೆಂಗೆ ಗುರುತು ಹಿಡಿಯೋದು?

ನೀವು ಕೇಳಿರೋದು ಇಷ್ಟು. ಮಾಲ್ಡೀವ್ಸಿನ ಮಾಫುಶಿ ದ್ವೀಪದಲ್ಲಿ ರಾತ್ರಿ ಮೀನು ಹಿಡಿಯೋಕೆ ಹೋದ್ರಿ, ಮೂರು ಥರದ್ದು ಬಿತ್ತು, ಒಂದು ಪೂರ್ತಿ ಕೆಂಪು, ಕಣ್ಣು ದೊಡ್ಡದು, ಒಂದು ಹಳದಿ ಮೈ ಮೇಲೆ ನೀಲಿ ಗೆರೆ, ಇನ್ನೊಂದು ಕಂದು, ಮೈತುಂಬ ಚುಕ್ಕೆ. ದೋಣಿಯವ್ರು ಮೂರಕ್ಕೂ ರೀಫ್ ಫಿಶ್ (ಹವಳದ ದಿಬ್ಬದ ಮೀನು) ಅಂದು ಕೈ ತೊಳ್ಕೊಂಡ್ರು, ಈಗ ಫೋಟೋ ಹಾಕಿ ಹೆಸರೇನು, ಇದನ್ನ ತಿನ್ನಬಹುದಾ ಅಂತ ಕೇಳ್ತಿದ್ದೀರ.

ನಾನು ಮಂಡ್ಯದೋನು, ಈಗ ಇರೋದು ಮೈಸೂರಲ್ಲಿ. ವಿ.ಸಿ. ನಾಲೆ ಏರಿ ಮೇಲೆ ಎರೆಹುಳ ಡಬ್ಬ ಇಟ್ಕೊಂಡು ಕೂತು ಬೆಳೆದೋನು, ಕಾಟ್ಲ, ರೋಹು, ಜಿಲೇಬಿ, ಕೊರಮೀನು, ಬಾಳೆಮೀನು ಅಂದ್ರೆ ನಮ್ಮ ಲಿಸ್ಟು ಹೆಚ್ಚು ಕಮ್ಮಿ ಮುಗೀತು, ಕತ್ತಲಲ್ಲಿ ಕೈಲಿ ಹಿಡಿದ್ರೂ ಯಾವ್ದು ಅಂತ ಹೇಳ್ತೀವಿ. (ಮೀನಿನ ಹುಚ್ಚು ನಮ್ಮ ಕಡೆಗೇನು ಹೊಸದಲ್ಲ ಬಿಡಿ, 1946ರಲ್ಲೇ ಮೈಸೂರಿನ ವ್ಯಾನ್ ಇಂಗನ್ ಮನೆತನದವ್ರೊಬ್ಬರು ಕಬಿನೀಲಿ 120 ಪೌಂಡ್ ತೂಕದ ಮಹಶೀರ್ ಎತ್ತಿದ್ರು, ಅಂದ್ರೆ 54 ಕೆಜಿ.) ಅದೇ ಧೈರ್ಯದಲ್ಲಿ ನಾನೂ ಮಾಲ್ಡೀವ್ಸಲ್ಲಿ ಧೋನಿ ಹತ್ತಿದೆ, ಹೂಂ, ಅಲ್ಲೂ ದೋಣಿಗೆ ಧೋನಿ ಅಂತಲೇ ಅನ್ನೋದು. ರಾಡ್ ಗೀಡ್ ಏನಿಲ್ಲ, ನೈಲಾನ್ ದಾರ, ಸೀಸದ ಗುಂಡು, ಗಾಳಕ್ಕೆ ಟ್ಯೂನಾ ತುಂಡು ಅಷ್ಟೇ.

ಮೊದಲನೇ ಮೀನೇ ಕೆಂಪು. ನಾನು ರೆಡ್ ಸ್ನಾಪರ್ ಅಂತ ಕೂಗಿ ನಮ್ಮ ಜಿಲೇಬಿ ಹಿಡಿಯೋ ಹಾಗೇ ತಲೆ ಪಕ್ಕ ಹೆಬ್ಬೆರಳು ಒತ್ತಿ ಹಿಡಿದೆ ನೋಡಿ, ಚುಚ್ತು. ಚೇಳು ಕುಟುಕಿದ ಹಾಗೆ ಉರಿ, ಕೈ ಮೊಣಕೈವರೆಗೂ ಜೋಮು. ದೋಣಿ ಹುಡುಗ ನಗ್ತಾ ಟೀ ಫ್ಲಾಸ್ಕಿಂದ ಬಿಸಿನೀರು ಬಗ್ಗಿಸಿ ತಣ್ಣೀರು ಬೆರೆಸಿ, ತಡ್ಕೊಳ್ಳೋಷ್ಟು ಬಿಸಿ ಇರೋ ಹಾಗೆ ಮಾಡಿ ಬೆರಳು ಅದ್ದಿಸ್ದ, ಅರ್ಧ ಗಂಟೆಲಿ ನೋವು ಇಳೀತು. ಆ ಮುಳ್ಳೇ ಆ ಮೀನಿನ ಆಧಾರ್ ಕಾರ್ಡು ಅಂತ ನಂಗೆ ಗೊತ್ತಾಗಿದ್ದು ಊರಿಗೆ ಬಂದ ಮೇಲೆ. ಕೆನ್ನೆ ಮೇಲೆ, ಕಿವಿರು ಮುಚ್ಚಳಕ್ಕಿಂತ ಸ್ವಲ್ಪ ಮುಂದೆ, ಹಿಂದಕ್ಕೆ ಚಾಚಿರೋ ಒಂದು ಉದ್ದ ಮುಳ್ಳು, ಅದರಲ್ಲಿ ವಿಷ ಇರುತ್ತೆ. ಅದು ಸೇಬರ್ ಸ್ಕ್ವಿರಲ್ ಫಿಶ್, ಸ್ನಾಪರ್ರೇ ಅಲ್ಲ, ಆ ಫ್ಯಾಮಿಲಿನೂ ಅಲ್ಲ.

ಅದಕ್ಕೇ ಹೇಳೋದು, ಬಣ್ಣ ನಂಬಬೇಡಿ. ಕೆಂಪು ಬೆಳಕು ನೀರಲ್ಲಿ ಸ್ವಲ್ಪ ಆಳ ಹೋಗೋದ್ರೊಳಗೇ ಕರಗಿ ಹೋಗುತ್ತೆ, ಹಾಗಾಗಿ ಕೆಳಗಡೆ ಕೆಂಪು ಮೀನು ಕಪ್ಪಗೆ ಕಾಣುತ್ತೆ, ರಾತ್ರಿ ಓಡಾಡೋ ಮೀನಿಗೆ ಅದೇ ಅನುಕೂಲ, ಅದಕ್ಕೇ ಒಂದಕ್ಕೊಂದು ಸಂಬಂಧ ಇಲ್ಲದ ಎಷ್ಟೋ ಜಾತಿ ಕೆಂಪಗಿರ್ತಾವೆ. ಸಾಲದ್ದಕ್ಕೆ ಮೇಲೆ ಎಳೆದ ತಕ್ಷಣ ಬಣ್ಣ ಬದಲಾಗುತ್ತೆ, ಸತ್ತ ಮೇಲೆ ಇನ್ನೂ ಬದಲಾಗುತ್ತೆ, ಐಸ್ ಬಾಕ್ಸಿಂದ ತೆಗೆದು ಫೋಟೋ ಹೊಡೆದ್ರೆ ಅದು ಬೇರೆ ಮೀನೇ.

ಈಗ ನಿಮ್ಮ ಮೂರಕ್ಕೆ ಬರ್ತೀನಿ. ಕೆಂಪನೇದ್ರಲ್ಲಿ ಕೆನ್ನೆ ಮುಳ್ಳು ಉದ್ದ ಇದ್ರೆ ಸ್ಕ್ವಿರಲ್ ಫಿಶ್. ಮುಳ್ಳು ಇಲ್ಲ, ಹುರುಪೆ ಮಾತ್ರ ದಪ್ಪ ದಪ್ಪ ಅಂದ್ರೆ ಅದರ ತಮ್ಮ ಸೋಲ್ಜರ್ ಫಿಶ್. ಹುರುಪೆ ಸಣ್ಣ, ಮುಟ್ಟಿದ್ರೆ ಒರಟು, ಬಾಯಿ ಆಕಾಶ ನೋಡ್ತಾ ಇದ್ರೆ ಬಿಗ್ ಐ, ಮಂಗಳೂರು ಕಡೆ ಡಿಸ್ಕೋ ಮೀನು ಅಂತಾರಲ್ಲ ಆ ಜಾತಿ.

ಹಳದಿದು ಸ್ನಾಪರ್, ಅದರಲ್ಲಿ ಡೌಟಿಲ್ಲ, ಆದ್ರೆ ಯಾವ ಸ್ನಾಪರ್ ಅನ್ನೋಕೆ ಗೆರೆ ಎಣಿಸ್ಬೇಕು. ನಾಲ್ಕು ನೀಲಿ ಗೆರೆ ಇದ್ದು ಹೊಟ್ಟೆ ಕಡೆ ತೆಳ್ಳಗೆ ಬೂದು ಗೆರೆಗಳೂ ಇದ್ರೆ ಬ್ಲೂಸ್ಟ್ರೈಪ್, ನಾಲ್ಕೇ ಇದ್ದು ಹೊಟ್ಟೆ ಬಿಳೀ ಸುಣ್ಣ ಬಳಿದ ಹಾಗಿದ್ರೆ ಬೆಂಗಾಲ್ ಸ್ನಾಪರ್, ಐದು ಇದ್ರೆ ಫೈವ್ ಲೈನ್ಡ್. ನಿಮ್ಮ ಫೋಟೋ ಜೂಮ್ ಮಾಡಿದೆ, ನಾಲ್ಕು ಎಣಿಸ್ದೆ, ಹೊಟ್ಟೆ ಜಾಗದಲ್ಲಿ ಫ್ಲಾಶ್ ಹೊಳೆದು ಏನೂ ಕಾಣ್ತಿಲ್ಲ. ಸ್ನಾಪರ್ ಜೊತೆ ಜಾಸ್ತಿ ಗೊಂದಲ ಮಾಡೋದು ಎಂಪರರ್ ಅಂತ ಇನ್ನೊಂದು, ಅದಕ್ಕೆ ಕೆನ್ನೆ ಮೇಲೆ ಹುರುಪೆ ಇರಲ್ಲ, ನುಣ್ಣಗಿರುತ್ತೆ, ಸ್ನಾಪರ್‌ಗೆ ಇರುತ್ತೆ, ಬೆರಳಾಡಿಸಿದ್ರೆ ಸಾಕು (ಮೊದಲು ಮುಳ್ಳು ನೋಡ್ಕೊಂಡು!).

ಚುಕ್ಕೆದು ಗ್ರೂಪರ್ ಥರ ಇದೆ, ಅಲ್ಲಿಯವ್ರು ಫಾನಾ ಅಂತಾರೆ, ನಮ್ಮ ಕರಾವಳೀಲಿ ಮುರು. ದಪ್ಪ ಬಾಯಿ, ಕಿವಿರು ಮುಚ್ಚಳದ ಹಿಂಬದಿ ಅಂಚಲ್ಲಿ ಮೂರು ಚಪ್ಪಟೆ ಮುಳ್ಳು. ಆದ್ರೆ ಚುಕ್ಕೆ ಇರೋ ಗ್ರೂಪರ್ ಒಂದೆರಡಲ್ಲ, ಅದರಲ್ಲಿ ಇದು ಯಾವ್ದು ಅಂತ ಹೇಳೋಕೆ ಬಾಲ ಬೇಕು, ದುಂಡಗಿದ್ಯಾ, ನೇರ ಕತ್ತರಿಸಿದ ಹಾಗಿದ್ಯಾ, ಒಳಕ್ಕೆ ಬಾಗಿದ್ಯಾ ಅಂತ, ಬಾಲವೇ ಫ್ರೇಮಿಂದ ಆಚೆ ಹೋಗಿದೆ ನಿಮ್ಮದ್ರಲ್ಲಿ.

ಬೈಕೋಬೇಡಿ, ನನ್ನ ಫೋಟೋಗಳೂ ಇದೇ ಕಥೆ, ಎಲ್ಲಾದ್ರಲ್ಲೂ ನನ್ನ ಹಲ್ಲು ಚೆನ್ನಾಗಿ ಬಂದಿದೆ, ಮೀನು ಬಂದಿಲ್ಲ. ಮುಂದಿನ ಸಲ ನಿಮ್ಮ ಸೆಲ್ಫಿ ಆದ ಮೇಲೆ ಮೀನನ್ನ ಒದ್ದೆ ಹಲಗೆ ಮೇಲೆ ಪಕ್ಕಕ್ಕೆ ಮಲಗಿಸಿ, ತಲೆ ಎಡಕ್ಕೆ, ಬೆನ್ನಿನ ರೆಕ್ಕೆ ಬಿಡಿಸಿ ಹಿಡಿದು ಒಂದು ಫೋಟೋ ಹೊಡೀರಿ, ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ರೆ ಸೈಜೂ ಗೊತ್ತಾಗುತ್ತೆ. ತಲೇದು ಹತ್ರದಿಂದ ಇನ್ನೊಂದು. ಆಮೇಲೆ ಮೀನುಗಳ ಮಾಹಿತಿ ಇರೋ ಫಿಶ್‌ಬೇಸ್ ಸೈಟಲ್ಲಿ ಮಾಲ್ಡೀವ್ಸ್ ಅಂತ ದೇಶ ಆರಿಸಿ ಆ ಪಟ್ಟಿ ಜೊತೆ ಹೋಲಿಸಿ, ಗೂಗಲ್ ಲೆನ್ಸ್ ಹೇಳಿದ್ದನ್ನ ಹಾಗೇ ನಂಬಬೇಡಿ, ನನ್ನ ಸ್ಕ್ವಿರಲ್ ಫಿಶ್ಶನ್ನ ಅದು ಗೋಲ್ಡ್ ಫಿಶ್ ಅಂತು.

ತಿನ್ನೋ ವಿಚಾರ ಮಾತ್ರ ಹೆಸರಿನ ಮೇಲಷ್ಟೇ ನಿಂತಿಲ್ಲ, ಇದನ್ನ ಸ್ವಲ್ಪ ಸೀರಿಯಸ್ಸಾಗಿ ಓದಿ. ಊದ್ಕೊಳ್ಳೋ ಪಫರ್ ಮೀನು ಮುಟ್ಟಲೇಬೇಡಿ ಸರಿ, ಆದ್ರೆ ಒಳ್ಳೇ ಮೀನಲ್ಲೂ ಸಿಗುವಾಟಾಕ್ಸಿನ್ ಅಂತ ಒಂದು ವಿಷ ಇರಬಹುದು. ಹವಳದ ದಿಬ್ಬದ ಪಾಚಿ ಮೇಲೆ ಬೆಳೆಯೋ ಒಂದು ಸೂಕ್ಷ್ಮಜೀವಿ ಅದನ್ನ ಮಾಡುತ್ತೆ, ಪಾಚಿ ತಿನ್ನೋ ಸಣ್ಣ ಮೀನಿಗೆ ಹೋಗುತ್ತೆ, ಅದನ್ನ ತಿನ್ನೋ ದೊಡ್ಡ ಮೀನಲ್ಲಿ ಸೇರ್ತಾ ಹೋಗುತ್ತೆ. ವಾಸನೆ ಇಲ್ಲ, ರುಚಿ ಇಲ್ಲ, ಬೇಯಿಸಿದ್ರೂ ಹೋಗಲ್ಲ, ಫ್ರೀಜರಲ್ಲಿಟ್ರೂ ಹೋಗಲ್ಲ. ವಾಂತಿ ಭೇದಿ ಆಗಿ, ತುಟಿ ಜುಮ್ ಅಂದು, ತಣ್ಣೀರು ಮುಟ್ಟಿದ್ರೆ ಸುಟ್ಟ ಹಾಗಾಗುತ್ತಂತೆ, ಕೆಲವರಿಗೆ ವಾರಗಟ್ಟಲೆ. ಮಾಲ್ಡೀವ್ಸ್ ಏನು, ಮಂಗಳೂರಲ್ಲೇ ಕೆಂಪು ಸ್ನಾಪರ್ ತಲೆ ತಿಂದೋರು ಹೀಗೆ ಆಸ್ಪತ್ರೆ ಸೇರಿದ್ರು ಅಂತ 2016ರಲ್ಲಿ ವರದಿ ಬಂದಿತ್ತು. ನಾವು ತಲೆ ಸಾರು ಅಂದ್ರೆ ಪ್ರಾಣ ಬಿಡೋ ಜನ, ಆದ್ರೂ ದೊಡ್ಡ ಸ್ನಾಪರ್, ದೊಡ್ಡ ಗ್ರೂಪರ್, ಬರಾಕುಡಾ ಬಿದ್ರೆ ತಲೆ, ಈಲಿ, ಮೊಟ್ಟೆ ಬಿಟ್ಬಿಡಿ, ನನ್ನ ಕೇಳಿದ್ರೆ ಮೀನನ್ನೇ ವಾಪಸ್ ಬಿಡಿ. ಸಣ್ಣದನ್ನೂ ಆ ದ್ವೀಪದವ್ರು ತಿಂತಾರಾ ಅಂತ ಕೇಳಿ ತಿನ್ನಿ. ಅವ್ರ ದಿನದ ಊಟ ಎಲ್ಲ ಟ್ಯೂನಾನೇ, ಬೆಳಗ್ಗೆ ತಿಂಡಿಗೂ ಟ್ಯೂನಾ, ತೆಂಗಿನಕಾಯಿ ತುರಿ, ಈರುಳ್ಳಿ ಕಲಸಿ ರೊಟ್ಟಿ ಜೊತೆ ಕೊಡ್ತಾರೆ, ಮಸ್ ಹುನಿ ಅಂತ, ನಂಗಂತೂ ಆ ಟ್ರಿಪ್ಪಲ್ಲಿ ಅದೇ ಇಷ್ಟ ಆಗಿದ್ದು.

ನಿಮ್ಮ ಮೊದಲನೇ ಫೋಟೋದಲ್ಲಿ ಕೆಂಪು ಮೀನಿನ ಕೆನ್ನೆ ಮೇಲೆ ಕರೆಕ್ಟಾಗಿ ನಿಮ್ಮ ಹೆಬ್ಬೆರಳು ಕೂತಿದೆ. ಅದು ಚುಚ್ಚಿಲ್ಲ ಅಂದ್ರೆ ಸೋಲ್ಜರ್ ಫಿಶ್ ಇರಬಹುದು ಅಂತ ನನ್ನ ಅಂದಾಜು, ಬೆರಳು ಇಲ್ಲದ ಇನ್ನೊಂದು ಫೋಟೋ ಇದ್ರೆ ಹಾಕಿ, ನೋಡಿ ಹೇಳ್ತೀನಿ.