ಸಂಪಾದಕರ ಉತ್ತರ: ‘ನಿಮ್ಮ ಸತ್ಯ ನಿಮಗೆ’ ಅಂದರೆ ಮಾತು ಮುಗಿಯಿತೇ?

ಓದುಗರ ಪತ್ರ (ಸಂಕ್ಷಿಪ್ತವಾಗಿ):

“ಕಳೆದ ಸಂಚಿಕೆಯ ಧರ್ಮದ ಲೇಖನ ಓದಿದೆ. ಕುರುಡರು ಆನೆ ಮುಟ್ಟಿದ ಕಥೆ ಹೇಳಿ, ಎಲ್ಲ ಧರ್ಮವೂ ಅವರವರ ಮಟ್ಟಿಗೆ ಸತ್ಯ ಅಂತ ಲೇಖಕರು ಮುಗಿಸಿಬಿಟ್ಟಿದ್ದಾರೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತನಾದವನು. ಒಂದು ಲೆಕ್ಕಕ್ಕೆ ಹುಡುಗರು ಐದು ಉತ್ತರ ಬರೆದರೆ ಐದಕ್ಕೂ ಮಾರ್ಕು ಕೊಟ್ಟವನಲ್ಲ. ಜೀವ ಬೇರೆ, ದೇವರು ಬೇರೆ ಅಂದವರು ಮಧ್ವಾಚಾರ್ಯರು. ಎರಡೂ ಒಂದೇ ಅಂದವರು ಶಂಕರಾಚಾರ್ಯರು. ಇಬ್ಬರೂ ಸರಿ ಆಗುವುದು ಹೇಗೆ? ಮನೆಯಲ್ಲೂ ಇದೇ ಪಾಡು. ಏನಾದರೂ ಹೇಳಹೋದರೆ ಮಗಳು ‘ಅದು ನಿಮ್ಮ ಸತ್ಯ ಅಪ್ಪ, ನನ್ನದು ನನಗಿರಲಿ’ ಅನ್ನುತ್ತಾಳೆ. ಅಲ್ಲಿಗೆ ಮಾತು ನಿಲ್ಲುತ್ತದೆ. ಸತ್ಯ ಅಂತ ಒಂದು ಇದೆಯೋ ಇಲ್ಲವೋ, ನೇರವಾಗಿ ಹೇಳಿ. ನನ್ನ ಆಕ್ಷೇಪವನ್ನು ಲೇಖನವಾಗಿ ಬರೆದರೆ ಹಾಕುತ್ತೀರಾ?”
– ನಿವೃತ್ತ ಗಣಿತ ಶಿಕ್ಷಕರು, ದಾವಣಗೆರೆ

ನಮಸ್ಕಾರ ಮೇಷ್ಟ್ರೇ,

ನೇರವಾಗಿಯೇ ಹೇಳುತ್ತೇನೆ. ಸತ್ಯ ಇದೆ ಅಂತ ನಾನೂ ನಂಬಿದ್ದೇನೆ. ಜೀವ ಮತ್ತು ದೇವರು ಕೊನೆಯವರೆಗೂ ಬೇರೆಯೇ ಆಗಿದ್ದರೆ ಶಂಕರರು ಹೇಳಿದ್ದು ತಪ್ಪು. ಒಂದೇ ಆಗಿದ್ದರೆ ಮಧ್ವರು ಹೇಳಿದ್ದು ತಪ್ಪು. ಜೀವ ದೇವರಿಗೆ ಸೇರಿದ್ದೇ, ಆದರೂ ದೇವರೇ ಅಲ್ಲ ಅನ್ನುವ ರಾಮಾನುಜರದು ಮೂರನೆಯ ಉತ್ತರ. ಅದೂ ‘ಎಲ್ಲರೂ ಸರಿ ಬಿಡಿ’ ಅನ್ನುವ ಉತ್ತರವಲ್ಲ. ಇವರಲ್ಲಿ ಯಾರನ್ನು ಕೇಳಿದ್ದರೂ ‘ನಾವೆಲ್ಲ ಹೇಳುವುದು ಒಂದೇ’ ಅಂತ ಒಪ್ಪುತ್ತಿರಲಿಲ್ಲ. ಒಪ್ಪುವಂತಿದ್ದರೆ ಅಷ್ಟು ಭಾಷ್ಯ, ಅಷ್ಟು ಟೀಕೆ ಯಾಕೆ ಬರೆಯುತ್ತಿದ್ದರು? ಎಲ್ಲರೂ ಸರಿ ಅನ್ನುವುದು ಯಾರನ್ನೂ ಓದದವರಿಗೆ ಬಹಳ ಸುಲಭ.

ಆನೆಯ ಕಥೆಯ ಬಗ್ಗೆ ನಿಮ್ಮ ಅಸಮಾಧಾನ ನನಗೆ ಅರ್ಥವಾಗುತ್ತದೆ. ಆದರೆ ಆ ಕಥೆಯ ಮೇಲೆ ಸಿಟ್ಟಾಗಬೇಡಿ. ಅದನ್ನು ನಾವು ಅರ್ಧ ಮಾತ್ರ ಹೇಳುತ್ತೇವೆ, ತೊಂದರೆ ಅಲ್ಲಿದೆ. ಬೌದ್ಧರ ಪಾಲಿ ಗ್ರಂಥ ‘ಉದಾನ’ದಲ್ಲಿ ಅದು ಇರುವುದು ಹೀಗೆ. ಶ್ರಾವಸ್ತಿಯಲ್ಲಿ ಬೇರೆ ಬೇರೆ ಪಂಥದ ಸನ್ಯಾಸಿಗಳು ಲೋಕ ಶಾಶ್ವತವೋ ಅಲ್ಲವೋ ಅಂತ ಕಿತ್ತಾಡುತ್ತಿದ್ದಾರೆ. ಬುದ್ಧ ಹಿಂದಿನ ಕಾಲದ ಒಬ್ಬ ರಾಜನ ಕಥೆ ಹೇಳುತ್ತಾನೆ. ಆ ರಾಜ ಊರಿನ ಹುಟ್ಟುಕುರುಡರನ್ನೆಲ್ಲ ಕರೆಸಿ ಆನೆ ಮುಟ್ಟಿಸುತ್ತಾನೆ. ತಲೆ ಮುಟ್ಟಿದವನು ಮಡಕೆ ಅನ್ನುತ್ತಾನೆ. ಕಿವಿ ಮುಟ್ಟಿದವನು ಮೊರ ಅನ್ನುತ್ತಾನೆ. ಕೊನೆಗೆ ಒಬ್ಬರಿಗೊಬ್ಬರು ಗುದ್ದಾಡುತ್ತಾರೆ. ರಾಜ ನೋಡಿ ಖುಷಿಪಡುತ್ತಾನೆ.

ಎಲ್ಲ ಕುರುಡರೂ ಸರಿ ಅಂತ ಬುದ್ಧ ಹೇಳಲೇ ಇಲ್ಲ. ಕಾಣದೆ ಕಿತ್ತಾಡುತ್ತಿದ್ದಾರೆ ಅಂದ, ಅಷ್ಟೇ. ಆನೆ ಅಲ್ಲಿ ನಿಜವಾಗಿಯೂ ನಿಂತಿದೆ. ಅದನ್ನು ಪೂರ್ತಿ ಕಂಡ ರಾಜನೂ ಇದ್ದಾನೆ. ಅಂದರೆ ಈ ಕಥೆ ಹೇಳುವವನು ‘ನಾನು ಆನೆ ನೋಡಿದ್ದೇನೆ’ ಅಂತ ಒಳಗೊಳಗೇ ಹೇಳಿಕೊಳ್ಳುತ್ತಿರುತ್ತಾನೆ. ಬುದ್ಧ ಹೇಳಿಕೊಳ್ಳಲಿ, ಅವನಿಗೆ ಆ ಹಕ್ಕಿದೆ ಅಂತ ಅವನ ಅನುಯಾಯಿಗಳು ನಂಬುತ್ತಾರೆ. ಆದರೆ ಪತ್ರಿಕೆಯಲ್ಲಿ ಲೇಖನ ಬರೆಯುವ ನಾವು ಯಾವಾಗ ನೋಡಿದೆವು?

ಬೇಲೂರಿನ ಶಾಸನವೊಂದರ ಶ್ಲೋಕ ನೀವು ಕೇಳಿರುತ್ತೀರಿ. ಶೈವರು ಯಾರನ್ನು ಶಿವ ಅನ್ನುತ್ತಾರೋ, ವೇದಾಂತಿಗಳು ಬ್ರಹ್ಮ ಅನ್ನುತ್ತಾರೋ, ಬೌದ್ಧರು ಬುದ್ಧ, ಜೈನರು ಅರ್ಹಂತ ಅನ್ನುತ್ತಾರೋ ಅಂತ ಸಾಗುವ ಶ್ಲೋಕ. ಸರ್ವಧರ್ಮ ಸಮನ್ವಯದ ಭಾಷಣಗಳಲ್ಲಿ ಅದು ತಪ್ಪದೆ ಬರುತ್ತದೆ. ಆದರೆ ಕೊನೆಯ ಸಾಲನ್ನು ಬೇಗ ಹೇಳಿ ಮುಗಿಸುತ್ತಾರೆ. ಅವರೆಲ್ಲ ಕರೆಯುವುದು ನಮ್ಮ ಕೇಶವನನ್ನೇ, ಅವನು ನಿಮಗೆ ಒಳ್ಳೆಯದು ಮಾಡಲಿ ಅಂತ ಆ ಸಾಲು. ಎಲ್ಲರಿಗೂ ಮನೆಯೊಳಗೆ ಜಾಗ ಇದೆ, ಆದರೆ ಮನೆ ಕೇಶವನದು. ಇದನ್ನು ನಾನು ದೂರುತ್ತಿಲ್ಲ. ನಂಬಿದವನು ಹೀಗಲ್ಲದೆ ಇನ್ನು ಹೇಗೆ ಬರೆದಾನು?

ಇಷ್ಟರ ಮಟ್ಟಿಗೆ ನಾನು ನಿಮ್ಮ ಪಕ್ಷ. ಇನ್ನು ನಿಮ್ಮ ಜೊತೆ ಸ್ವಲ್ಪ ಜಗಳ.

‘ಅವರವರ ಮಟ್ಟಿಗೆ’ ಅನ್ನುವ ಮಾತನ್ನು ನೀವು ಪೂರ್ತಿ ತಳ್ಳಿಹಾಕಿದ್ದೀರಿ. ಹೀಗೆ ತಳ್ಳಿಹಾಕಿದವರಲ್ಲಿ ನೀವು ಮೊದಲಿಗರಲ್ಲ. ಸಾವಿರ ವರ್ಷಕ್ಕೂ ಹಿಂದೆ ಶಂಕರರೇ ಬ್ರಹ್ಮಸೂತ್ರ ಭಾಷ್ಯದಲ್ಲಿ ಯಾವ ಮಾತೂ ಒಂದು ದೃಷ್ಟಿಯಿಂದ ಮಾತ್ರ ನಿಜ ಅನ್ನುವ ಜೈನರ ಸ್ಯಾದ್ವಾದದ ಮೇಲೆ ಇದೇ ಆಕ್ಷೇಪ ಎತ್ತಿದ್ದಾರೆ. ಒಂದೇ ವಸ್ತುವಿನಲ್ಲಿ ಇದೆ ಮತ್ತು ಇಲ್ಲ ಎರಡೂ ಕೂಡಿರಲಾರವು, ಬಿಸಿಯೂ ತಂಪೂ ಕೂಡಿ ಇರದ ಹಾಗೆ. ಎಲ್ಲವೂ ಅನಿಶ್ಚಿತವಾದರೆ ನಿಮ್ಮ ತೀರ್ಥಂಕರರ ಉಪದೇಶವೂ ಅನಿಶ್ಚಿತವೇ ಆಯಿತಲ್ಲ, ಅದನ್ನು ನಂಬಿ ಜನ ನಡೆಯುವುದು ಹೇಗೆ ಅಂತ ಅವರು ಕೇಳುತ್ತಾರೆ. ಏಟು ಚೆನ್ನಾಗಿಯೇ ಇದೆ.

ಆದರೆ ಜೈನರ ಮಾತು ಅದಲ್ಲ. ಮಡಕೆ ತನ್ನ ದ್ರವ್ಯ, ತನ್ನ ಜಾಗ, ತನ್ನ ಕಾಲ, ತನ್ನ ಸ್ಥಿತಿಯ ದೃಷ್ಟಿಯಿಂದ ಇದೆ. ಬೇರೆಯದರ ದ್ರವ್ಯ, ಜಾಗ, ಕಾಲ, ಸ್ಥಿತಿಯ ದೃಷ್ಟಿಯಿಂದ ಇಲ್ಲ. ಯಾವ ದೃಷ್ಟಿಯಿಂದ ಅನ್ನುವುದನ್ನು ಸೇರಿಸಿ ಹೇಳು ಅನ್ನುತ್ತಾರೆ ಅವರು. ಸೇರಿಸದೆ ಹೇಳಿದರೆ ಅರ್ಧ ಸತ್ಯವನ್ನು ಪೂರ್ತಿ ಸತ್ಯ ಅಂತ ಮಾರಿದ ಹಾಗೆ. ನಿಮಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ತ್ರಿಕೋನದ ಮೂರು ಕೋನ ಕೂಡಿದರೆ 180 ಡಿಗ್ರಿ ಅಂತ ನೀವು ಕಪ್ಪು ಹಲಗೆಯ ಮೇಲೆ ಬರೆದಿರಿ. ಅದೇ ತ್ರಿಕೋನವನ್ನು ಗ್ಲೋಬಿನ ಮೇಲೆ ಬರೆಯಿರಿ. ಉತ್ತರ ಧ್ರುವದಿಂದ 90 ಡಿಗ್ರಿ ಅಂತರದ ಎರಡು ರೇಖಾಂಶಗಳಲ್ಲಿ ಇಳಿದು ಸಮಭಾಜಕಕ್ಕೆ ಬಂದರೆ ಮೂರೂ ಲಂಬಕೋನ, ಒಟ್ಟು 270. ಎರಡೂ ಸರಿ, ಅಲ್ವಾ? ಆದರೆ ‘ಅವರವರ ಸತ್ಯ ಅವರವರಿಗೆ’ ಅನ್ನುವ ಕಾರಣಕ್ಕಲ್ಲ. ಯಾವ ಮೇಲ್ಮೈ ಅಂತ ಹೇಳಿದ ತಕ್ಷಣ ಉತ್ತರ ಒಂದೇ. ಗ್ಲೋಬಿನ ಮೇಲಿನ ಆ ತ್ರಿಕೋನಕ್ಕೆ 180 ಅಂತ ಬರೆದ ಹುಡುಗನಿಗೆ ಸೊನ್ನೆಯೇ.

ಇನ್ನೊಂದು ವಿಷಯವೂ ಇದೆ. ಪೂರ್ತಿ ಸತ್ಯ ಇಲ್ಲವೇ ಇಲ್ಲ ಅಂತ ಜೈನರು ಯಾವತ್ತೂ ಅನ್ನಲಿಲ್ಲ. ಪೂರ್ಣಜ್ಞಾನ ಪಡೆದ ಕೇವಲಜ್ಞಾನಿಗೆ ಎಲ್ಲವೂ ಕಾಣುತ್ತದೆ. ನಮ್ಮ ನಿಮ್ಮಂಥವರಿಗೆ ತುಣುಕು ತುಣುಕಾಗಿ ಕಾಣುತ್ತದೆ. ಸತ್ಯ ಒಂದೇ ಅನ್ನುವುದು ಬೇರೆ, ಅದು ಪೂರ್ತಿ ನನ್ನ ಕೈಯಲ್ಲಿದೆ ಅನ್ನುವುದು ಬೇರೆ. ನಿಮ್ಮ ಪತ್ರದಲ್ಲಿ ಮೊದಲನೆಯದರಿಂದ ಎರಡನೆಯದಕ್ಕೆ ನೀವು ಒಂದೇ ಹೆಜ್ಜೆಯಲ್ಲಿ ದಾಟಿಬಿಟ್ಟಿದ್ದೀರಿ. ಲೆಕ್ಕದ ಪುಸ್ತಕದ ಕೊನೆಯಲ್ಲಿ ಉತ್ತರ ಅಚ್ಚಾಗಿರುತ್ತದೆ. ಇಲ್ಲಿ ಆ ಪುಟ ಯಾರ ಹತ್ತಿರವೂ ಇಲ್ಲ. ಇದೆ ಅನ್ನುವವರು ಅನೇಕರಿದ್ದಾರೆ, ಒಬ್ಬೊಬ್ಬರ ಪುಟವೂ ಬೇರೆ.

ನಾನು ಬೇರೆ ಮನೆಯಲ್ಲಿ ಹುಟ್ಟಿದ್ದರೆ ಬೇರೆ ದೇವರಿಗೆ ಕೈ ಮುಗಿಯುತ್ತಿದ್ದೆ. ಇದು ನನ್ನನ್ನು ಆಗಾಗ ಕಾಡುವ ಯೋಚನೆ. ಇದರಿಂದ ನನ್ನ ದೇವರು ಸುಳ್ಳು ಅಂತ ಆಗುವುದಿಲ್ಲ. ನಿಮ್ಮ ಶಾಲೆಗೆ ಸೇರಿದ್ದರಿಂದ ಹುಡುಗರು ಪೈಥಾಗೊರಸ್ ಪ್ರಮೇಯ ಕಲಿತರು, ಅಷ್ಟಕ್ಕೇ ಪ್ರಮೇಯ ಸುಳ್ಳಾಗಲಿಲ್ಲ. ಆದರೆ ಪಕ್ಕದೂರಿನ ಶಾಲೆಯ ಹುಡುಗರೂ ಅದೇ ಪ್ರಮೇಯ ಕಲಿತರು. ಪಕ್ಕದೂರಿನ ಗುಡಿಯಲ್ಲಿ ಹಾಗಾಗಲಿಲ್ಲ. ಈ ವ್ಯತ್ಯಾಸ ನೋಡಿದ ಮೇಲೂ ದನಿ ಸ್ವಲ್ಪ ತಗ್ಗಿಸದೆ ಮಾತಾಡುವುದು ನನಗಂತೂ ಆಗುವುದಿಲ್ಲ.

ಈಗ ಎರಡು ಕಲ್ಲುಗಳ ಬಗ್ಗೆ ಹೇಳಬೇಕು. ಒಂದು ನಿಮ್ಮ ಊರಿಗೆ ಅಷ್ಟೇನೂ ದೂರವಲ್ಲದ ಅಬ್ಬಲೂರಿನಲ್ಲಿದೆ, ಹಿರೇಕೆರೂರು ತಾಲ್ಲೂಕು. ಅಲ್ಲಿನ ಸೋಮೇಶ್ವರ ದೇವಸ್ಥಾನದ ಶಾಸನ ಶಿವಭಕ್ತ ಏಕಾಂತದ ರಾಮಯ್ಯನ ಕಥೆ ಹೇಳುತ್ತದೆ. ಹನ್ನೆರಡನೆಯ ಶತಮಾನ. ಶಿವ ದೊಡ್ಡವನೋ ಜಿನ ದೊಡ್ಡವನೋ ಅಂತ ಜೈನರಿಗೂ ರಾಮಯ್ಯನಿಗೂ ವಾದ ಹುಟ್ಟುತ್ತದೆ. ರಾಮಯ್ಯ ತಲೆ ಪಣವಿಡುತ್ತಾನೆ. ಕಡಿದುಕೊಂಡ ತಲೆ ಶಿವನ ಕೃಪೆಯಿಂದ ಮತ್ತೆ ಕೂಡುತ್ತದೆ. ಸೋತ ಜೈನರು ಮಾತಿನಂತೆ ನಡೆಯದಿದ್ದಾಗ ಅವನು ಜಿನಮೂರ್ತಿಯನ್ನು ಒಡೆಯುತ್ತಾನೆ. ದೂರು ಕಲ್ಯಾಣದ ರಾಜ ಬಿಜ್ಜಳನ ಮುಂದೆ ಹೋಗುತ್ತದೆ. ಬಿಜ್ಜಳ ರಾಮಯ್ಯನಿಗೆ ಜಯಪತ್ರ ಬರೆದುಕೊಡುತ್ತಾನೆ. ಇದು ಗೆದ್ದವರು ಕೆತ್ತಿಸಿದ ಕಲ್ಲು ಅನ್ನುವುದು ನೆನಪಿರಲಿ. ಜೈನರು ಬೇರೆ ಕಲ್ಲು ಕೆತ್ತಿಸಿದ್ದರೆ ಅದರಲ್ಲಿ ಏನಿರುತ್ತಿತ್ತೋ.

ಇನ್ನೊಂದು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ. 1368, ವಿಜಯನಗರದ ಒಂದನೇ ಬುಕ್ಕರಾಯನ ಕಾಲ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ. ಜೈನರು ತಮಗೆ ಅನ್ಯಾಯವಾಗುತ್ತಿದೆ ಅಂತ ರಾಜನ ಹತ್ತಿರ ಹೋದರು. ವ್ಯಾಜ್ಯದ ವಸ್ತು ಮೋಕ್ಷವಲ್ಲ. ಪಂಚಮಹಾವಾದ್ಯ ಮತ್ತು ಕಳಶ. ಅಂದರೆ ಯಾರು ವಾದ್ಯ ಊದಿಸಬಹುದು, ಯಾರು ಮೆರವಣಿಗೆಯಲ್ಲಿ ಕಳಶ ಹಿಡಿಯಬಹುದು ಅನ್ನುವ ಜಗಳ. ಬುಕ್ಕರಾಯ ಎರಡೂ ಕಡೆಯ ಮುಖಂಡರನ್ನು ಕರೆಸಿದ. ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟ. ಎರಡು ದರ್ಶನಗಳಿಗೂ ಭೇದವಿಲ್ಲ ಅಂದ. ವಾದ್ಯ, ಕಳಶ ಎರಡೂ ಜೈನರಿಗೆ ಮೊದಲಿನಂತೆಯೇ ಸಲ್ಲಬೇಕು ಅಂದ. ಜೈನದರ್ಶನಕ್ಕೆ ಆದ ಹಾನಿಯನ್ನು ವೈಷ್ಣವರು ತಮ್ಮದೇ ಹಾನಿ ಅಂತ ತಿಳಿಯಬೇಕು. ಬೆಳಗೊಳದ ದೇವರ ಕಾವಲಿಗೆ 20 ಜನರನ್ನು ನೇಮಿಸಬೇಕು, ಅದಕ್ಕೆ ಜೈನರ ಮನೆ ಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು, ಆ ಹಣ ಎತ್ತಿ ಕಾವಲಿಡುವ ಹೊಣೆ ವೈಷ್ಣವರ ಕಡೆಯ ತಿರುಮಲೆಯ ತಾತಯ್ಯನದು. ಉಳಿದ ದುಡ್ಡಿನಲ್ಲಿ ಜೀರ್ಣವಾದ ಬಸದಿಗಳನ್ನು ದುರಸ್ತಿ ಮಾಡಿ ಸುಣ್ಣ ಬಳಿಯಬೇಕು. ಇದೇ ಶಾಸನದ ಪ್ರತಿ ಮಾಗಡಿ ತಾಲ್ಲೂಕಿನ ಕಲ್ಯದಲ್ಲೂ ಇದೆ.

ನನಗೆ ಬಹಳ ಹಿಡಿಸುವುದು ಈ ಶಾಸನದ ಮೊದಲ ಶ್ಲೋಕ. ಅದು ರಾಮಾನುಜರ ಸ್ತುತಿ. ಪಾಷಂಡಿಗಳೆಂಬ ಸಮುದ್ರವನ್ನು ಸುಡುವ ಬಡಬಾಗ್ನಿ, ಅಂದರೆ ಕಡಲೊಳಗಿನ ಬೆಂಕಿ ಅಂತ ಅವರನ್ನು ಹೊಗಳುತ್ತದೆ. ಪಾಷಂಡಿ ಅಂದರೆ ವೇದ ಒಪ್ಪದವರು. ಆ ಲೆಕ್ಕದಲ್ಲಿ ಜೈನರೂ ಪಾಷಂಡಿಗಳೇ! ಅದೇ ಕಲ್ಲಿನ ಮೇಲೆ, ಕೆಲವೇ ಸಾಲು ಕೆಳಗೆ, ಅದೇ ಜೈನರಿಗೆ ರಕ್ಷಣೆ. ಇದನ್ನು ಯಾರೂ ವಿರೋಧಾಭಾಸ ಅಂದುಕೊಂಡ ಹಾಗೆ ಕಾಣುವುದಿಲ್ಲ. ವೈಷ್ಣವರು ತಮ್ಮ ದರ್ಶನವೇ ಸತ್ಯ ಅನ್ನುವುದನ್ನು ಒಂದಿಂಚೂ ಬಿಟ್ಟುಕೊಡಲಿಲ್ಲ. ಜೈನರೂ ಬಿಟ್ಟುಕೊಟ್ಟಿರಲಾರರು. ‘ಭೇದವಿಲ್ಲ’ ಅನ್ನುವ ಬುಕ್ಕರಾಯನ ಮಾತು ತತ್ತ್ವದ ತೀರ್ಪು ಅಂತ ನನಗನ್ನಿಸುವುದಿಲ್ಲ. ನನ್ನ ರಾಜ್ಯದಲ್ಲಿ ಇಬ್ಬರಿಗೂ ಒಂದೇ ಮರ್ಯಾದೆ ಅಂತ ಅದರ ಅರ್ಥ. ಯಾರ ದೇವರು ನಿಜ ಅಂತ ಅವನು ತೀರ್ಮಾನಿಸಹೋಗಲಿಲ್ಲ. ಬಿಜ್ಜಳ ಜಯಪತ್ರ ಕೊಟ್ಟ. ಬುಕ್ಕರಾಯ ಕಾವಲುಗಾರರನ್ನೂ ಸುಣ್ಣದ ಖರ್ಚನ್ನೂ ಕೊಟ್ಟ. ಎರಡನೆಯವನು ಸತ್ಯದ ಬಗ್ಗೆ ಉದಾಸೀನನಾಗಿದ್ದ ಅಂತ ನೀವು ಹೇಳಬಹುದು. ನಾನು ಹೇಳಲಾರೆ.

ಇನ್ನು ನಿಮ್ಮ ಮಗಳ ವಿಚಾರ. ನಡುವೆ ಬಾಯಿ ಹಾಕಬಾರದು, ಆದರೂ ಪತ್ರದಲ್ಲಿ ನೀವೇ ಬರೆದಿದ್ದೀರಿ. ‘ಅದು ನಿಮ್ಮ ಸತ್ಯ’ ಅನ್ನುವ ಮಾತು ನನಗೂ ಇಷ್ಟವಿಲ್ಲ. ಅದು ಗೌರವದ ಹಾಗೆ ಕೇಳಿಸುತ್ತದೆ. ನಿಜಕ್ಕೂ ನಿಮ್ಮ ಮಾತನ್ನು ಪರಿಶೀಲಿಸುವಷ್ಟು ಬೆಲೆಯೂ ಕೊಡದೆ ಪಕ್ಕಕ್ಕಿಡುವ ರೀತಿ ಅದು. ‘ಅಪ್ಪ, ಇದು ತಪ್ಪು, ಯಾಕೆ ಅಂದರೆ...’ ಅಂತ ಅವಳು ಶುರು ಮಾಡಿದ್ದರೆ ಅದರಲ್ಲಿ ಮರ್ಯಾದೆ ಜಾಸ್ತಿ ಇತ್ತು. ಆದರೆ ಅವಳು ಸುಮ್ನೆ ಹಾಗೆ ಅಂದಿರಲಾರಳು. ತತ್ತ್ವಶಾಸ್ತ್ರ ಓದಿ ಸತ್ಯವೇ ಇಲ್ಲ ಅನ್ನುವ ತೀರ್ಮಾನಕ್ಕೆ ಬಂದಿದ್ದಾಳೆ ಅಂತ ನನಗನ್ನಿಸುವುದಿಲ್ಲ. ಮಾತು ಶುರುವಾದರೆ ಜಯಪತ್ರ ಬರೆದುಕೊಡುವವರೆಗೂ ಅಪ್ಪ ಬಿಡುವುದಿಲ್ಲ ಅಂತ ಅವಳಿಗೆ ಅನುಭವದಿಂದ ಗೊತ್ತಿರಬೇಕು. ನಿಮ್ಮ ಪತ್ರದ ದನಿ ನೋಡಿದರೆ ನನಗೂ ಸ್ವಲ್ಪ ಹಾಗೇ ಅನ್ನಿಸಿತು, ಬೇಸರ ಮಾಡಿಕೊಳ್ಳಬೇಡಿ.

ಲೇಖನ ಬರೆಯಿರಿ, ಖಂಡಿತ ಹಾಕುತ್ತೇವೆ. ಎರಡು ಪುಟ ಜಾಗ ಇದೆ. ಒಂದು ಷರತ್ತು ಮಾತ್ರ, ಅದೂ ನನ್ನದಲ್ಲ, ನಮ್ಮ ವಾದಿಗಳದು. ವಿಜಯನಗರದಲ್ಲಿ ಮಧ್ವರ ದ್ವೈತ ಪಂಥದ ವ್ಯಾಸತೀರ್ಥರು ಶಂಕರರ ಅದ್ವೈತವನ್ನು ಖಂಡಿಸಿ ‘ನ್ಯಾಯಾಮೃತ’ ಬರೆದರು. ಅದಕ್ಕೆ ಮಧುಸೂದನ ಸರಸ್ವತಿಗಳು ‘ಅದ್ವೈತಸಿದ್ಧಿ’ಯಲ್ಲಿ ಒಂದೊಂದೇ ಮಾತು ಹಿಡಿದು ಉತ್ತರ ಕೊಟ್ಟರು. ಅದಕ್ಕೆ ಮತ್ತೆ ದ್ವೈತಿಗಳ ಕಡೆಯಿಂದ ವ್ಯಾಸ ರಾಮಾಚಾರ್ಯರ ‘ತರಂಗಿಣಿ’ ಬಂತು. ಯಾರೂ ಯಾರಿಗೂ ‘ನಿಮ್ಮದು ನಿಮಗೆ’ ಅನ್ನಲಿಲ್ಲ. ಎದುರಾಳಿಯ ಮಾತನ್ನು ಮೊದಲು ಪೂರ್ವಪಕ್ಷವಾಗಿ ಇಟ್ಟು ಆಮೇಲೆ ಖಂಡಿಸುವುದು ಇವರ ಪದ್ಧತಿ. ನೀವೂ ಮೊದಲ ಅರ್ಧ ಪುಟದಲ್ಲಿ ನಮ್ಮ ಲೇಖಕರ ವಾದವನ್ನು ಬರೆಯಿರಿ. ಅದನ್ನು ನಾನು ಅವರಿಗೆ ಕಳಿಸುತ್ತೇನೆ. ಹೌದು, ನಾನು ಹೇಳಿದ್ದು ಇದೇ ಅಂತ ಅವರು ಒಪ್ಪಿದರೆ ಉಳಿದ ಒಂದೂವರೆ ಪುಟ ನಿಮ್ಮದು, ಎಷ್ಟು ಬೇಕಾದರೂ ಬಡಿಯಿರಿ. ಮುಂದಿನ ಸಂಚಿಕೆಗೆ ಬೇಕೆಂದರೆ ಈ ತಿಂಗಳ 20ರೊಳಗೆ ತಲುಪಲಿ. ಕೈಬರಹವಾದರೂ ಪರವಾಗಿಲ್ಲ, ನಿಮ್ಮ ಅಕ್ಷರ ಚೆನ್ನಾಗಿದೆ.