ಕೇಳದ ಪಾಸ್‌ವರ್ಡ್, ತೆರೆಯದ ಡೇಟಾಬೇಸ್

ಪ್ರಶ್ನೆ: ತಿಪಟೂರಿನಲ್ಲಿ ನಮ್ಮದೊಂದು ಕೊಬ್ಬರಿ ಮಂಡಿಯಿದೆ. ರೈತರ ಲೆಕ್ಕವನ್ನು ಕಂಪ್ಯೂಟರಿಗೆ ತರಲು ಉಬುಂಟು ಕಾರ್ಯಾಚರಣ ವ್ಯವಸ್ಥೆಯಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶ ಅಳವಡಿಸಿದೆ. ಆಗ ಅದು ಪಾಸ್‌ವರ್ಡ್ ಕೇಳಲೇ ಇಲ್ಲ. ಈಗ ‘ಪೋಸ್ಟ್‌ಗ್ರೆಸ್’ ಹೆಸರಿನಲ್ಲಿ ಒಳಹೋಗಲು ನೋಡಿದರೆ ‘ಪೀರ್ ಅಥೆಂಟಿಕೇಶನ್ ಫೇಲ್ಡ್’ ಎನ್ನುತ್ತದೆ. ಯಾರನ್ನು ಹೇಗೆ ಒಳಬಿಡಬೇಕೆಂದು ಹೇಳುವ ಪಿಜಿ ಎಚ್‌ಬಿಎ ಕಡತದಲ್ಲಿ ‘ಟ್ರಸ್ಟ್’ ಎಂದು ತಿದ್ದಿದರೆ ಸಾಕೆಂದು ಪರಿಚಿತರೊಬ್ಬರು ಹೇಳಿದರು. ತಿದ್ದಬಹುದೇ?

ಉತ್ತರ: ದಯವಿಟ್ಟು ತಿದ್ದಬೇಡಿ. ‘ಟ್ರಸ್ಟ್’ ಎಂದು ಬರೆದ ಸಾಲು ಬಂದವರನ್ನೆಲ್ಲ ಪಾಸ್‌ವರ್ಡ್ ಕೇಳದೆ ಒಳಬಿಡುತ್ತದೆ. ಗುಮಾಸ್ತರೂ ಕೂರುವ ಕಂಪ್ಯೂಟರಿನಲ್ಲಿ ರೈತರ ಬಾಕಿಯ ಲೆಕ್ಕ ಇಡುವವರಿಗೆ ಕೊಡುವ ಸಲಹೆ ಇದಲ್ಲ.

ನಿಮ್ಮ ಅಳವಡಿಕೆ ಕೆಟ್ಟಿಲ್ಲ. ಉಬುಂಟುವಿನ ಪ್ಯಾಕೇಜು ‘ಪೋಸ್ಟ್‌ಗ್ರೆಸ್’ ಎಂಬ ಒಂದೇ ಹೆಸರಿನಲ್ಲಿ ಕಾರ್ಯಾಚರಣ ವ್ಯವಸ್ಥೆಯಲ್ಲೊಂದು, ಡೇಟಾಬೇಸಿನೊಳಗೆ ಸರ್ವಾಧಿಕಾರವುಳ್ಳ ಮತ್ತೊಂದು ಖಾತೆಯನ್ನು ಸೃಷ್ಟಿಸುತ್ತದೆ. ಗೊಂದಲ ಹುಟ್ಟುವುದೇ ಇಲ್ಲಿ. ‘ಪೀರ್’ ವಿಧಾನದಲ್ಲಿ ಡೇಟಾಬೇಸ್ ನಿಮ್ಮನ್ನು ಏನೂ ಕೇಳದೆ, ಬಂದವರು ಯಾರೆಂದು ಕಾರ್ಯಾಚರಣ ವ್ಯವಸ್ಥೆಯನ್ನೇ ವಿಚಾರಿಸಿ, ಎರಡೂ ಕಡೆಯ ಹೆಸರು ಒಂದೇ ಆಗಿದ್ದರೆ ಮಾತ್ರ ಬಿಡುತ್ತದೆ. ನೀವು ನಿಮ್ಮ ಹೆಸರಿನಲ್ಲಿ ಲಾಗಿನ್ ಆಗಿ ‘ಪೋಸ್ಟ್‌ಗ್ರೆಸ್’ ಆಗಿ ಒಳಹೋಗಲು ಕೇಳಿದ್ದರಿಂದ ಅದು ತಡೆಯಿತು.

ಟರ್ಮಿನಲ್ಲಿನಲ್ಲಿ ‘ಸುಡೊ -ಯು ಪೋಸ್ಟ್‌ಗ್ರೆಸ್ ಪಿಎಸ್‌ಕ್ಯೂಎಲ್’ ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿ. ಅಲ್ಲಿ ಕೇಳುವುದು ನಿಮ್ಮ ಕಂಪ್ಯೂಟರಿನ ಪಾಸ್‌ವರ್ಡನ್ನೇ. ಒಳಹೊಕ್ಕ ಮೇಲೆ ದಿನದ ಕೆಲಸಕ್ಕೆ ‘ಕ್ರಿಯೇಟ್ ಯೂಸರ್’ ಆದೇಶದಿಂದ ಬೇರೊಂದು ಖಾತೆ ಮಾಡಿ. ‘ಕ್ರಿಯೇಟ್ ರೋಲ್’ ಬಳಸಿದರೆ ‘ಲಾಗಿನ್’ ಎಂಬ ಪದವನ್ನೂ ಸೇರಿಸಬೇಕು. ಅದಿಲ್ಲದ ಖಾತೆಯಿಂದ ಒಳಬರಲಾಗದು. ಮುಂದೆ ಹಿಂಗೀಟು (\) ಹಾಕಿ ಬರೆಯುವ ‘ಪಾಸ್‌ವರ್ಡ್’ ಆದೇಶದಿಂದ ಹೊಸ ಖಾತೆಗೆ ಪಾಸ್‌ವರ್ಡ್ ಕೊಟ್ಟರೆ ಅದು ಆದೇಶಗಳ ಇತಿಹಾಸದಲ್ಲಿ ಉಳಿಯುವುದಿಲ್ಲ.

ಬಳಿಕ ಮಂಡಿಯ ಡೇಟಾಬೇಸನ್ನು ಆ ಖಾತೆಯ ಒಡೆತನದಲ್ಲೇ ಸೃಷ್ಟಿಸಿ. 2022ರಲ್ಲಿ ಬಂದ 15ನೇ ಆವೃತ್ತಿಯಿಂದೀಚೆಗೆ ‘ಪಬ್ಲಿಕ್’ ಸ್ಕೀಮಾದಲ್ಲಿ (ಡೇಟಾಬೇಸಿನೊಳಗೆ ಕೋಷ್ಟಕಗಳನ್ನಿಡುವ ವಿಭಾಗ) ಎಲ್ಲರೂ ಕೋಷ್ಟಕ ಮಾಡುವಂತಿಲ್ಲ. ಡೇಟಾಬೇಸಿನ ಒಡೆಯನಿಗೆ ಆ ತೊಡಕಿಲ್ಲ.

ಹೊಸ ಖಾತೆಯ ಹೆಸರು ನಿಮ್ಮ ಕಂಪ್ಯೂಟರ್ ಲಾಗಿನ್ ಹೆಸರಿಗಿಂತ ಬೇರೆಯಾಗಿದ್ದರೆ ನೇರವಾಗಿ ಬಂದಾಗ ‘ಪೀರ್’ ಮತ್ತೆ ತಡೆಯುತ್ತದೆ. ಆಗ ‘ಪಿಎಸ್‌ಕ್ಯೂಎಲ್’ ಆದೇಶಕ್ಕೆ ‘-ಎಚ್ ಲೋಕಲ್‌ಹೋಸ್ಟ್’ ಸೇರಿಸಿದರೆ ಪಾಸ್‌ವರ್ಡ್ ಕೇಳುತ್ತದೆ. ಡೇಟಾಬೇಸಿನ ಹೆಸರನ್ನೂ ಕೊಡಿ, ಇಲ್ಲವಾದರೆ ಅದು ಬಳಕೆದಾರನ ಹೆಸರಿನ ಡೇಟಾಬೇಸನ್ನೇ ಹುಡುಕಿ ಅಂಥದ್ದಿಲ್ಲವೆನ್ನುತ್ತದೆ. ಲೆಕ್ಕದ ತಂತ್ರಾಂಶಕ್ಕೆ ಇದೇ ವಿವರಗಳ ಜೊತೆಗೆ ಪೋರ್ಟ್ ಸಂಖ್ಯೆ 5432 ಕೊಟ್ಟರಾಯಿತು.